ಬೆಚ್ಚಿಬಿದ್ದೆ, ದಂಗಾದೆ, ಆಘಾತವಾಯಿತು: ಯಾವ ಮಾತು ಎಲ್ಲಿಗೆ?

ಅನುವಾದ ಮಾಡುವವರು, ವರದಿ ಬರೆಯುವವರು, ಮೊದಲ ಕಥೆ ಬರೆಯಲು ಕೂತವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಅವಳಿಗೆ ಶಾಕ್ ಆಯ್ತು’ ಅನ್ನುವುದನ್ನು ಬರಹದಲ್ಲಿ ಹೇಗೆ ಹೇಳೋದು? ಬೆಚ್ಚಿಬಿದ್ದಳು ಅನ್ನಬೇಕೇ, ದಂಗಾದಳು ಅನ್ನಬೇಕೇ, ಆಘಾತಗೊಂಡಳೇ, ದಿಗ್ಭ್ರಮೆಗೊಂಡಳೇ, ಹೌಹಾರಿದಳೇ, ಸ್ತಬ್ಧಳಾದಳೇ? ನಿಘಂಟು ತೆಗೆದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಒಂದರ ಎದುರಿಗೆ ಇನ್ನೊಂದು, ಅದರ ಎದುರಿಗೆ ಮತ್ತೊಂದು. ಸುತ್ತಿ ಬಂದು ಹೊರಟಲ್ಲಿಗೇ ನಿಲ್ಲುತ್ತೇವೆ.

ಬಹಳ ವರ್ಷಗಳಿಂದ ಕರಡು ತಿದ್ದುವ ಕೆಲಸ ಮಾಡಿಕೊಂಡು ಬಂದಿದ್ದೇನೆ. ಇಷ್ಟು ಮಾತ್ರ ಧೈರ್ಯವಾಗಿ ಹೇಳಬಲ್ಲೆ: ಈ ಮಾತುಗಳಲ್ಲಿ ಯಾವ ಎರಡೂ ಒಂದೇ ಅಲ್ಲ. ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟರೆ ವಾಕ್ಯ ತಪ್ಪಾಗದಿರಬಹುದು, ಆದರೆ ಅದರೊಳಗಿನ ಮನುಷ್ಯ ಬದಲಾಗಿಬಿಡುತ್ತಾನೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ನಾನು ಮೊದಲು ಕೇಳಿಕೊಳ್ಳುವುದು, ಇದು ಎಷ್ಟು ಹೊತ್ತಿನದು ಅಂತ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಅದುರೋ, ನಿಮಿಷಗಟ್ಟಲೆ ನಿಲ್ಲುವ ಮೌನವೋ, ತಿಂಗಳಾದರೂ ಮೈಯೊಳಗೆ ಉಳಿಯುವ ಪೆಟ್ಟೋ? ಮುಕ್ಕಾಲು ಪಾಲು ಗೊಂದಲ ಈ ಒಂದು ಪ್ರಶ್ನೆಗೇ ತೀರುತ್ತದೆ.

ಎರಡನೆಯದು, ಆ ಮನುಷ್ಯನಲ್ಲಿ ಏನು ಅಲುಗಿತು, ಏನು ನಿಂತುಹೋಯಿತು? ಮೈ ಹಾರಿತೋ, ಮಾತು ನಿಂತಿತೋ, ಬುದ್ಧಿ ದಾರಿ ತಪ್ಪಿತೋ? ಮೂರನೆಯದು, ಕಾರಣ ಕೆಟ್ಟದ್ದೇ ಆಗಿರಬೇಕೇ? ಕೆಲವು ಮಾತುಗಳು ಒಳ್ಳೆಯ ಸುದ್ದಿಗೂ ಸಲ್ಲುತ್ತವೆ, ಕೆಲವು ಜಪ್ಪಯ್ಯ ಅಂದರೂ ಸಲ್ಲುವುದಿಲ್ಲ. ಕೊನೆಯದು, ಎಲ್ಲಿ ಬರೆಯುತ್ತಿದ್ದೇವೆ ಮತ್ತು ಎಷ್ಟು ಜಾಗವಿದೆ. ಎರಡು ಅಂಕಣದ ತಲೆಬರಹದಲ್ಲಿ ಕೂರುವ ಪದ ಸಾಂತ್ವನದ ಸಂದೇಶದಲ್ಲಿ ಕೂರಬೇಕೆಂದಿಲ್ಲ.

ಬೆಚ್ಚಿಬೀಳು: ಮೈಯ ಮಾತು

ಮಲಗಿರುವ ಎಳೆಗೂಸಿನ ಪಕ್ಕ ಯಾರೋ ಬಾಗಿಲನ್ನು ದಬ್ ಎಂದು ಹಾಕಿದರು ಅನ್ನಿ. ಮಗುವಿನ ಎರಡೂ ತೋಳು ಒಮ್ಮೆಲೇ ಹೊರಕ್ಕೆ ಚಾಚುತ್ತವೆ, ಬೆರಳುಗಳು ಅಗಲವಾಗಿ ಬಿಡಿಸಿಕೊಳ್ಳುತ್ತವೆ. ಮರುಕ್ಷಣ ತೋಳುಗಳು ಏನನ್ನೋ ತಬ್ಬಿಕೊಳ್ಳುವ ಹಾಗೆ ಎದೆಯ ಕಡೆಗೆ ಮಡಚಿ ಬರುತ್ತವೆ, ಅಳು ಆಮೇಲೆ. ಹುಟ್ಟಿದ ಮಕ್ಕಳಲ್ಲಿ ಇದು ಸಹಜ, ಸುಮಾರು 4ರಿಂದ 6 ತಿಂಗಳ ಹೊತ್ತಿಗೆ ತಾನಾಗಿ ಮರೆಯಾಗುತ್ತದೆ. ಇದನ್ನು ನೋಡಿದ ತಾಯಿ ‘ಮಗು ಬೆಚ್ಚಿಬೀಳ್ತು’ ಅನ್ನುತ್ತಾಳೆ. ಮಗುವಿಗೆ ಆಘಾತವಾಯಿತು ಎಂದು ಯಾವ ತಾಯಿಯೂ ಹೇಳುವುದಿಲ್ಲ. ಬೆಚ್ಚಿಬೀಳುವುದರ ಪೂರ್ತಿ ಅರ್ಥ ಆ ಎರಡು ತೋಳುಗಳಲ್ಲಿದೆ.

ದೊಡ್ಡವರಲ್ಲೂ ಹಾಗೇ. ಹಠಾತ್ ಸದ್ದಾದಾಗ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯುವ ಮೊದಲೇ ರೆಪ್ಪೆ ಮುಚ್ಚತೊಡಗಿರುತ್ತದೆ, ಹಿಂದೆಯೇ ಹೆಗಲು ಮೇಲೇರುತ್ತದೆ. ಏನಾಯಿತೆಂದು ಬುದ್ಧಿಗೆ ಗೊತ್ತಾಗುವುದು ಆಮೇಲೆ. ಆದ್ದರಿಂದ ಬೆಚ್ಚಿಬೀಳಲು ವಿಷಯ ಅರ್ಥವಾಗಬೇಕಾಗಿಲ್ಲ. ಬೆಕ್ಕೂ ಬೆಚ್ಚುತ್ತದೆ, ಕುದುರೆಯೂ ಬೆಚ್ಚುತ್ತದೆ. ಬೆಕ್ಕು ದಿಗ್ಭ್ರಮೆಗೊಂಡಿತು ಎಂದು ಬರೆದರೆ ಅದು ಮಕ್ಕಳ ಕಥೆಯಾಗುತ್ತದೆ.

ಇದು ನಮ್ಮ ಹಳೆಯ ಮನೆಯ ಪದ. ಹಳಗನ್ನಡದಲ್ಲಿ ‘ಬೆರ್ಚು’. ‘ಪೆರ್ಚು’ ಎಂಬುದು ‘ಹೆಚ್ಚು’ ಆದ ಹಾಗೆಯೇ ‘ಬೆರ್ಚು’ ಸವೆದು ‘ಬೆಚ್ಚು’ ಆಯಿತು. ಹೊಲದಲ್ಲಿ ಹಕ್ಕಿ ಓಡಿಸಲು ನಿಲ್ಲಿಸುವ ಬೊಂಬೆಗೆ ಬೆದರುಬೊಂಬೆ ಎನ್ನುವಂತೆ ಬೆರ್ಚಪ್ಪ ಎಂದೂ ಕರೆಯುತ್ತಾರೆ. ಸವೆದುಹೋದ ‘ರ್’ ಆ ಹೆಸರಿನಲ್ಲಿ ಇನ್ನೂ ಜೀವಂತವಾಗಿದೆ. ‘ಬೆಚ್ಚಗೆ’ ಎಂಬುದಕ್ಕೂ ಇದಕ್ಕೂ ನಂಟಿಲ್ಲ, ಅದು ಶಾಖದ ಕಡೆಯ ಪದ.

‘ಬೆಚ್ಚು’ ಮತ್ತು ‘ಬೆಚ್ಚಿಬೀಳು’ ನಡುವೆಯೂ ಒಂದು ಗೆರೆಯಿದೆ. ಬರೀ ಬೆಚ್ಚು ಎಂದರೆ ಹೆದರು ಎಂಬ ಅರ್ಥಕ್ಕೆ ಹತ್ತಿರ: ‘ಯಾರ ಬೆದರಿಕೆಗೂ ಬೆಚ್ಚದವಳು’. ಅಲ್ಲಿ ಕ್ಷಣದ ಮಾತಿಲ್ಲ, ಸ್ವಭಾವದ ಮಾತಿದೆ. ಬೀಳು ಸೇರಿದ ತಕ್ಷಣ ಅದು ಕೈಮೀರಿ ಒಮ್ಮೆಲೇ ಆದದ್ದು ಎಂದಾಗುತ್ತದೆ. ‘ಯಾರ ಬೆದರಿಕೆಗೂ ಬೆಚ್ಚಿಬೀಳದವಳು’ ಎಂದರೆ ಕಿವಿಗೆ ಒಪ್ಪುವುದಿಲ್ಲ.

ಇದರ ಮಿತಿ ಏನು? ತೂಕ ಕಡಿಮೆ. ಬೆಚ್ಚಿಬಿದ್ದವರು ಎದ್ದುಬಿಡುತ್ತಾರೆ. ಒಂದು ನಿಮಿಷದ ನಂತರ ‘ಅಯ್ಯೋ, ನೀನಾ!’ ಅಂದು ನಗಲೂಬಹುದು. ಹೀಗಾಗಿ ಬದುಕನ್ನೇ ಬದಲಿಸಿದ ಸುದ್ದಿಗೆ ಇದನ್ನು ಬಳಸಿದಾಗ ಏನೋ ಸಾಲದು ಅನ್ನಿಸುತ್ತದೆ. ಸುದ್ದಿವಾಹಿನಿಗಳು ದಿನಕ್ಕೆ ಹತ್ತು ಸಲ ‘ಬೆಚ್ಚಿಬೀಳಿಸುವ ಘಟನೆ’ ಅನ್ನುತ್ತವೆ. ಅತಿಬಳಕೆಯಿಂದ ಈ ಪದದ ಮೊನೆ ಮೊಂಡಾಗಿದೆ. ನನಗೆ ನಿಜಕ್ಕೂ ನೋವಾಗುತ್ತದೆ, ಯಾಕೆಂದರೆ ಮೈಯ ಆ ಕ್ಷಣಕ್ಕೆ ಇಷ್ಟು ನಿಖರವಾದ ಬೇರೆ ಪದ ನಮ್ಮಲ್ಲಿಲ್ಲ.

ಇದು ಹೊಂದುತ್ತದೋ ಇಲ್ಲವೋ ನೋಡಲು ಒಂದು ಸುಲಭದ ಪರೀಕ್ಷೆ ಇದೆ. ‘ಸದ್ದಿಗೆ’ ಎಂಬ ಮಾತನ್ನು ಮುಂದಿಟ್ಟು ಓದಿ. ‘ಸದ್ದಿಗೆ ಬೆಚ್ಚಿಬಿದ್ದ’ ಸಲೀಸಾಗಿ ಹೋಗುತ್ತದೆ. ‘ಸದ್ದಿಗೆ ಹೌಹಾರಿದ’ ಕೂಡ ಹೋಗುತ್ತದೆ. ‘ಸದ್ದಿಗೆ ಆಘಾತಗೊಂಡ’ ಅಂದರೆ ಏನೋ ಎಡವಿದಂತಾಗುತ್ತದೆ. ಎಡವಿದರೆ ಅದು ಮನಸ್ಸಿನ ಪದ, ಎಡವದಿದ್ದರೆ ಮೈಯ ಪದ.

ಹೌಹಾರು ಇದರ ತಂಗಿಯ ಹಾಗೆ. ಇಲ್ಲಿ ಸದ್ದಿನ ಜೊತೆಗೆ ಭಯವೂ ಇದೆ, ಏನೋ ಅನಾಹುತ ಆಗಿಹೋಯಿತು ಎಂಬ ಕಲ್ಪನೆಯೂ ಇದೆ. ಪರೀಕ್ಷೆಯ ಬಾಗಿಲಲ್ಲಿ ಪ್ರವೇಶಪತ್ರ ಮನೆಯಲ್ಲೇ ಉಳಿದಿದೆ ಎಂದು ಗೊತ್ತಾದರೆ ಮನುಷ್ಯ ಹೌಹಾರುತ್ತಾನೆ. ಮಾತುಕತೆಯ ಬರಹಕ್ಕೆ, ತುಸು ಹಗುರ ಧಾಟಿಗೆ ಚೆನ್ನ. ಸಾವಿನ ಸುದ್ದಿಯ ಹತ್ತಿರ ತರಬೇಡಿ.

ದಂಗಾಗು: ಬಾಯಿಯ ಮಾತು

ಪಾರಸಿಯ ‘ದಂಗ್’ ನಮ್ಮಲ್ಲಿ ‘ದಂಗು’ ಆಗಿ, ದಂಗಾಗು, ದಂಗುಬಡಿ, ದಂಗುಬಡಿಸು ಎಂದೆಲ್ಲ ಬೆಳೆದಿದೆ. ಹಿಂದಿಯವರೂ ಇದನ್ನೇ ಬಳಸುತ್ತಾರೆ. ಇಲ್ಲಿ ಮೈ ಹಾರುವುದಿಲ್ಲ, ನಿಲ್ಲುತ್ತದೆ. ಮುಖ್ಯವಾಗಿ ಬಾಯಿ ನಿಲ್ಲುತ್ತದೆ. ಏನು ಹೇಳಬೇಕೆಂದು ತೋಚದೆ ಎದುರಿಗಿರುವುದನ್ನೇ ನೋಡುತ್ತ ನಿಲ್ಲುವ ಸ್ಥಿತಿ.

ಇದರ ದೊಡ್ಡ ಗುಣ ಎರಡೂ ಕಡೆ ಸಲ್ಲುವುದು. ‘ಅವಳ ಹಾಡು ಕೇಳಿ ದಂಗಾದೆ’, ‘ಆ ಬಿಲ್ ನೋಡಿ ದಂಗಾದೆ’ ಎರಡೂ ಸರಿ. ನಾಟಕ, ನೃತ್ಯಗಳ ಹಳೆಯ ಸಂಸ್ಕೃತ ಗ್ರಂಥ ನಾಟ್ಯಶಾಸ್ತ್ರದಲ್ಲಿ ಹೇಳಿರುವ 33 ಸಂಚಾರಿ ಭಾವಗಳಲ್ಲಿ, ಅಂದರೆ ಬಂದು ಹೋಗುವ ಭಾವಗಳಲ್ಲಿ, ‘ಜಡತೆ’ ಒಂದು. ಇಷ್ಟವಾದದ್ದನ್ನಾಗಲಿ ಅನಿಷ್ಟವಾದದ್ದನ್ನಾಗಲಿ ಕಂಡಾಗ, ಕೇಳಿದಾಗ ಮನುಷ್ಯ ಏನೂ ಮಾಡಲಾಗದೆ ಮಾತಿಲ್ಲದೆ ನಿಂತುಬಿಡುವುದನ್ನು ಅದು ಹೇಳುತ್ತದೆ. ದಂಗಾಗು ಎಂಬುದನ್ನು ಇದಕ್ಕಿಂತ ಚೆನ್ನಾಗಿ ವಿವರಿಸಲು ನನಗೆ ಬರುವುದಿಲ್ಲ. ಅದೇ ಪಟ್ಟಿಯ ‘ತ್ರಾಸ’ ಮಿಂಚು, ಗುಡುಗುಗಳಿಂದ ಹುಟ್ಟುವ ಹಠಾತ್ ನಡುಕ. ಅದು ಬೆಚ್ಚುವುದರ ಕಡೆಗೆ ಸೇರುತ್ತದೆ. ಅಂದರೆ ಹಾರುವ ಆಘಾತ ಬೇರೆ, ನಿಲ್ಲುವ ಆಘಾತ ಬೇರೆ ಎಂಬುದನ್ನು ಹಿಂದಿನವರೂ ಗುರುತಿಸಿದ್ದರು.

ದಂಗಿನಲ್ಲಿ ನೋವು ಇಲ್ಲ. ಅದನ್ನು ಮರೆಯಬಾರದು. ದಂಗಾದವನು ಹೊರಗಿನಿಂದ ನೋಡುತ್ತಿರುವವನು. ಸ್ವಂತ ಅಣ್ಣ ಮೋಸ ಮಾಡಿದ್ದು ಗೊತ್ತಾದ ತಮ್ಮ ‘ದಂಗಾದ’ ಎಂದು ಬರೆದರೆ ಅಣ್ಣನ ಚಾಲಾಕಿತನಕ್ಕೆ ಬೆರಗಾದ ಅನ್ನುವಂತೆ ಕೇಳಿಸುತ್ತದೆ. ಪಕ್ಕದ ಮನೆಯವರು ದಂಗಾಗಬಹುದು, ತಮ್ಮನಿಗೆ ಆದದ್ದು ಆಘಾತ.

ಪೂರ್ತಿ ಒಳ್ಳೆಯದಕ್ಕೇ ಆದರೆ ಬೆರಗು ಇದೆ, ನಿಬ್ಬೆರಗು ಇದೆ, ಬೆಕ್ಕಸಬೆರಗು ಇದೆ. ಅವು ಅಚ್ಚರಿಯ ಓಣಿಯವು. ಈ ಲೇಖನದಲ್ಲಿ ಅವುಗಳನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದೇನೆ.

ದಿಗ್ಭ್ರಮೆ: ಬುದ್ಧಿಯ ಮಾತು

ದಿಕ್ ಮತ್ತು ಭ್ರಮೆ ಸೇರಿ ದಿಗ್ಭ್ರಮೆ. ದಿಕ್ಕು ತಪ್ಪಿದ ಸ್ಥಿತಿ. ದಿಙ್ಮೂಢ ಎಂಬುದರಲ್ಲೂ ಅದೇ ದಿಕ್ಕು ಇದೆ. ಕಾಡಿನಲ್ಲಿ ದಾರಿ ತಪ್ಪಿದವನಿಗೆ ಪೂರ್ವ ಯಾವುದು, ಪಶ್ಚಿಮ ಯಾವುದು ಎಂದು ತಿಳಿಯದ ಹಾಗೆ, ಸುದ್ದಿ ಕೇಳಿದವನಿಗೆ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ. ಹಾಗಾಗಿ ಇದು ನಿಮಿಷಗಳಿಂದ ಗಂಟೆಗಳವರೆಗಿನ ಪದ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೈಯಲ್ಲಿ ವರದಿ ಹಿಡಿದು, ಲಿಫ್ಟಿನ ಮುಂದೆ ನಿಂತು, ಲಿಫ್ಟು ಬಂದು ಬಾಗಿಲು ತೆರೆದು ಮುಚ್ಚಿಕೊಂಡರೂ ಒಳಗೆ ಹೋಗದೆ ನಿಂತೇ ಇರುವವರನ್ನು ನಾನು ಕಂಡಿದ್ದೇನೆ. ಅದು ದಿಗ್ಭ್ರಮೆ.

ಬರಹದಲ್ಲಿ ಗಂಭೀರ, ವರದಿಗೆ ಗೌರವದ ಪದ. ಮಾತಿನಲ್ಲಿ ಮಾತ್ರ ಯಾರೂ ಬಳಸುವುದಿಲ್ಲ. ಕಥೆಯ ಪಾತ್ರದ ಬಾಯಲ್ಲಿ ‘ನನಗೆ ದಿಗ್ಭ್ರಮೆಯಾಯಿತು ಕಣೋ’ ಎಂದು ಹಾಕಿದರೆ ಪಾತ್ರ ಸತ್ತುಹೋಗುತ್ತದೆ. ಅದೇ ಪಾತ್ರ ‘ನಂಗೆ ದಿಕ್ಕೇ ತೋಚಲಿಲ್ಲ ಕಣೋ’ ಅನ್ನಲಿ. ಅರ್ಥ ಅದೇ, ಉಸಿರು ಬೇರೆ. ‘ಕಂಗಾಲಾದ’ ಎಂಬುದೂ ಈ ಹತ್ತಿರದ್ದೇ, ಆದರೆ ಅದರಲ್ಲಿ ನಿರಾಧಾರವಾದ ಭಾವವಿದೆ. ಹಿಂದಿಯಲ್ಲಿ ಆ ಪದಕ್ಕೆ ನಿರ್ಗತಿಕ ಎಂಬ ಅರ್ಥ, ಆ ನೆರಳು ಕನ್ನಡದಲ್ಲೂ ಉಳಿದಿದೆ. ಬೆಳೆ ಹೋದವರು, ಕೆಲಸ ಹೋದವರು ಕಂಗಾಲಾಗುತ್ತಾರೆ. ಹಳೆಯ ಗೆಳೆಯನ ಮದುವೆಯ ಸುದ್ದಿಗೆ ಯಾರೂ ಕಂಗಾಲಾಗುವುದಿಲ್ಲ.

ಆಘಾತ: ಉಳಿಯುವ ಪೆಟ್ಟು

ಆಘಾತ ಎಂದರೆ ಮೂಲದಲ್ಲಿ ಹೊಡೆತ. ಅಪಘಾತ, ಪ್ರತ್ಯಾಘಾತ, ಮರ್ಮಾಘಾತ ಎಲ್ಲದರಲ್ಲೂ ಅದೇ ‘ಘಾತ’. ಬೆಚ್ಚಿದ್ದು ಇಳಿಯುತ್ತದೆ, ದಂಗಾದದ್ದು ತಿಳಿಯಾಗುತ್ತದೆ, ಹೊಡೆತ ಬಿದ್ದರೆ ಗಾಯ ಉಳಿಯುತ್ತದೆ. ‘ಆ ಆಘಾತದಿಂದ ಅವರು ಇನ್ನೂ ಚೇತರಿಸಿಕೊಂಡಿಲ್ಲ’ ಎಂಬ ವಾಕ್ಯ ಎಷ್ಟು ಸಹಜ ನೋಡಿ. ‘ಬೆಚ್ಚಿಬಿದ್ದದ್ದರಿಂದ ಇನ್ನೂ ಚೇತರಿಸಿಕೊಂಡಿಲ್ಲ’ ಎನ್ನಲು ಆಗುವುದಿಲ್ಲ. ಚೇತರಿಕೆಯ ಮಾತು ಬರುವಲ್ಲೆಲ್ಲ ಆಘಾತವೇ ಸರಿ.

ಆಘಾತಕ್ಕೆ ಒಂದು ಅಕ್ಕಪಕ್ಕದ ಪದವಿದೆ, ಸ್ತಂಭನ. ಕಂಬಕ್ಕೆ ಸ್ತಂಭ ಎನ್ನುತ್ತೇವೆ. ಕಂಬದಂತೆ ನಿಂತುಬಿಟ್ಟವನು ಸ್ತಂಭೀಭೂತ, ಸ್ತಬ್ಧ ಎಂಬುದೂ ಅದೇ ಧಾತುವಿನಿಂದ ಬಂದದ್ದು. ಮನಸ್ಸಿನ ಒತ್ತಡ ಮೈಯಲ್ಲಿ ತಾನಾಗಿ ಕಾಣಿಸಿಕೊಳ್ಳುವ ಎಂಟು ಸಾತ್ತ್ವಿಕ ಭಾವಗಳನ್ನು ನಾಟ್ಯಶಾಸ್ತ್ರ ಎಣಿಸುತ್ತದೆ: ಸ್ತಂಭ, ಬೆವರು, ರೋಮಾಂಚ, ದನಿ ಒಡೆಯುವುದು, ನಡುಕ, ಮುಖ ಬಿಳಿಚುವುದು, ಕಣ್ಣೀರು, ಪ್ರಜ್ಞೆ ತಪ್ಪುವುದು. ಸ್ತಂಭ ಅದರಲ್ಲಿ ಸೇರಿದೆ.

ಈ ಎರಡು ಪದಗಳ ವ್ಯತ್ಯಾಸ ಎಷ್ಟು ಮುಖ್ಯ ಎಂಬುದು ವೈದ್ಯಕೀಯ ಬರಹ ತಿದ್ದುವಾಗ ಗೊತ್ತಾಗುತ್ತದೆ. ಹೃದಯಾಘಾತ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಆ ಭಾಗಕ್ಕೆ ಪೆಟ್ಟಾಗುವುದು. ಹೃದಯ ಬಡಿಯುತ್ತಲೇ ಇರಬಹುದು, ಮನುಷ್ಯ ಎಚ್ಚರವಾಗಿ ಎದೆನೋವೆಂದು ಹೇಳುತ್ತಿರಬಹುದು. ಹೃದಯ ಸ್ತಂಭನ ಎಂದರೆ ರಕ್ತ ಹರಿಸುವ ಬಡಿತವೇ ನಿಲ್ಲುವುದು. ಮನುಷ್ಯ ಕುಸಿದು ಬೀಳುತ್ತಾನೆ, ತಕ್ಷಣ ಎದೆ ಒತ್ತಬೇಕು. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು, ಆದರೆ ಎರಡೂ ಒಂದೇ ಅಲ್ಲ. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದ ವರದಿ ಓದುಗನಿಗೆ ತಪ್ಪು ತಿಳಿವಳಿಕೆ ಕೊಡುತ್ತದೆ. ಮನಸ್ಸಿನ ವಿಷಯದಲ್ಲೂ ಹಾಗೇ ನೋಡಿ: ಆಘಾತವಾದವನು ಅಳುತ್ತ, ಮಾತಾಡುತ್ತ, ಓಡಾಡುತ್ತಲೇ ಇರಬಹುದು. ಸ್ತಬ್ಧನಾದವನಲ್ಲಿ ಎಲ್ಲವೂ ನಿಂತಿದೆ.

ವೈದ್ಯರು ಹೇಳುವ ‘ಶಾಕ್’ ಇನ್ನೂ ಬೇರೆ. ರಕ್ತ ವಿಪರೀತ ಸೋರಿಹೋಗಿಯೋ ಬೇರೆ ಕಾರಣಕ್ಕೋ ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದ ಅಪಾಯದ ಸ್ಥಿತಿ ಅದು. ‘ಗಾಯಾಳು ಆಘಾತಕ್ಕೊಳಗಾಗಿದ್ದಾರೆ’ ಎಂದಷ್ಟೇ ಬರೆದರೆ ಓದುಗ ಮನಸ್ಸಿಗೆ ಬೇಸರವಾಗಿದೆ ಅಂದುಕೊಳ್ಳುತ್ತಾನೆ. ಅಂಥ ಕಡೆ ‘ರಕ್ತದೊತ್ತಡ ಕುಸಿದು ಸ್ಥಿತಿ ಗಂಭೀರವಾಗಿದೆ’ ಎಂದು ಬಿಡಿಸಿ ಬರೆಯುವುದೇ ಲೇಸು.

ಆಘಾತದ ತೊಂದರೆ ಅದರ ತೂಕವೇ. ಸಣ್ಣ ವಿಷಯಕ್ಕೆ ಬಳಸಿದರೆ ಬರೆದವರ ಮೇಲೆ ನಂಬಿಕೆ ಹೋಗುತ್ತದೆ. ನೆಚ್ಚಿನ ತಂಡ ಒಂದು ಪಂದ್ಯ ಸೋತದ್ದು ಆಘಾತವಲ್ಲ, ನಿರಾಸೆ. ಬಲಿಷ್ಠ ತಂಡ ಲೆಕ್ಕಕ್ಕೇ ಇಲ್ಲದ ತಂಡಕ್ಕೆ ಸೋತಾಗ ಕ್ರೀಡಾಪುಟ ‘ಆಘಾತಕಾರಿ ಸೋಲು’ ಅನ್ನುತ್ತದೆ. ಆ ರೂಢಿಯನ್ನು ನಾನು ಒಪ್ಪುತ್ತೇನೆ, ಅಲ್ಲಿ ಪೆಟ್ಟು ನಿರೀಕ್ಷೆಗೆ ಬಿದ್ದದ್ದು.

ಶಾಕ್: ಎಲ್ಲರ ಬಾಯಲ್ಲಿರುವುದು

ಇದನ್ನು ಕನ್ನಡವಲ್ಲ ಎಂದು ತಳ್ಳುವವರಿದ್ದಾರೆ. ನಾನು ತಳ್ಳುವುದಿಲ್ಲ. ಕನ್ನಡ ಈ ಪದವನ್ನು ತೆಗೆದುಕೊಂಡು ತನ್ನದೇ ವ್ಯಾಕರಣಕ್ಕೆ ಎಷ್ಟು ಚೆನ್ನಾಗಿ ಬಗ್ಗಿಸಿಕೊಂಡಿದೆ ಎಂದರೆ, ಕ್ರಿಯಾಪದ ನೋಡಿಯೇ ಅರ್ಥ ಹೇಳಬಹುದು. ‘ಶಾಕ್ ಹೊಡೀತು’ ಎಂದರೆ ವಿದ್ಯುತ್ತು. ‘ಶಾಕ್ ಆಯ್ತು’ ಎಂದರೆ ಮನಸ್ಸು. ಸ್ವಿಚ್ ಮುಟ್ಟಿದವನು ‘ಶಾಕ್ ಆಯ್ತು’ ಅನ್ನುವುದು ಅಪರೂಪ, ಸಾವಿನ ಸುದ್ದಿ ಕೇಳಿದವನು ‘ಶಾಕ್ ಹೊಡೀತು’ ಅನ್ನುವುದಿಲ್ಲ. ಬೇಕಾದರೆ ‘ಶಾಕ್ ಹೊಡೆದ ಹಾಗಾಯ್ತು’ ಅನ್ನುತ್ತಾನೆ, ಆಗ ಅದು ಹೋಲಿಕೆ. ‘ಶಾಕ್ ಕೊಟ್ಟ’ ಎಂದರೆ ಬೇಕೆಂದೇ ಮಾಡಿದ್ದು. ಇಷ್ಟು ಅಚ್ಚುಕಟ್ಟಾದ ಹಂಚಿಕೆ ಯಾರೂ ಹೇಳಿಕೊಡದೆ ತಾನಾಗಿ ಆಗಿದೆ.

ಸಂಭಾಷಣೆಗೆ, ಹರಟೆಯ ಬರಹಕ್ಕೆ, ಗೆಳೆಯರಿಗೆ ಕಳಿಸುವ ಸಂದೇಶಕ್ಕೆ ಇದು ನಿಸ್ಸಂಕೋಚವಾಗಿ ಸಲ್ಲುತ್ತದೆ. ಆದರೆ ಇದು ಎಲ್ಲದಕ್ಕೂ ಹೊಂದುವ ಚಪ್ಪಲಿ. ಬೆಚ್ಚಿದ್ದಕ್ಕೂ ಶಾಕ್, ದಂಗಾದದ್ದಕ್ಕೂ ಶಾಕ್, ಎದೆ ಒಡೆದದ್ದಕ್ಕೂ ಶಾಕ್. ಪಾತ್ರಕ್ಕೆ ನಿಖರವಾಗಿ ಏನಾಯಿತು ಎಂಬುದು ಬರೆಯುವವರಿಗೇ ಗೊತ್ತಿಲ್ಲದಾಗ ಕೈ ಈ ಪದದತ್ತ ಹೋಗುತ್ತದೆ. ಕರಡಿನಲ್ಲಿ ಶಾಕ್ ಕಂಡಾಗ ನಾನು ಅಂಚಿನಲ್ಲಿ ‘ಎಷ್ಟು ಹೊತ್ತು?’ ಎಂದು ಬರೆದು ವಾಪಸ್ ಕಳಿಸುತ್ತೇನೆ.

ಉಳಿದವು ಬೇಗ ಬೇಗ. ಗಾಬರಿ ಎಂದರೆ ಮುಂದೇನಾಗುತ್ತದೋ ಎಂಬ ಆತಂಕ ಸೇರಿದ ತಲ್ಲಣ. ಆದದ್ದಕ್ಕಿಂತ ಆಗಬಹುದಾದದ್ದರ ಮೇಲೆ ಅದರ ಕಣ್ಣು. ತಬ್ಬಿಬ್ಬು, ಕಕ್ಕಾಬಿಕ್ಕಿ ಎರಡೂ ಅನಿರೀಕ್ಷಿತ ಪ್ರಶ್ನೆಗೆ ಸಿಕ್ಕಿಬಿದ್ದವರಿಗೆ, ನೋವಿನ ಜಾಗಕ್ಕಲ್ಲ. ಅವಾಕ್ಕಾಗು ಎಂದರೆ ವಾಕ್ಕು ಇಲ್ಲವಾಗುವುದು, ದಂಗಿನ ಸಂಸ್ಕೃತದ ಜೋಡಿ. ಗರಬಡಿದಂತೆ ಎಂಬುದರ ‘ಗರ’ ಗ್ರಹ ಎಂಬುದರ ತದ್ಭವ. ಗ್ರಹ ಹಿಡಿದವರ ಹಾಗೆ ಕಣ್ಣು ನೆಟ್ಟು ಕೂರುವುದು. ಹಳ್ಳಿಯ ಹಿನ್ನೆಲೆಯ ಕಥೆಗೆ ಇದಕ್ಕಿಂತ ಬಲವಾದ ಮಾತು ಸಿಗುವುದು ಕಷ್ಟ. ಬರಸಿಡಿಲು, ಮಳೆಯ ಸುಳಿವಿಲ್ಲದೆ ಎರಗುವ ಸಿಡಿಲು, ಒಂದು ಕಾಲಕ್ಕೆ ಅದ್ಭುತ ರೂಪಕವಾಗಿತ್ತು. ಈಗ ಪ್ರತಿ ಶ್ರದ್ಧಾಂಜಲಿಯಲ್ಲೂ ಬಂದು ಸಪ್ಪೆಯಾಗಿದೆ.

ವ್ಯಾಕರಣ ಎಲ್ಲಿ ಕೈಕೊಡುತ್ತದೆ

ಪದ ಸರಿಯಾಗಿ ಆರಿಸಿಯೂ ವಾಕ್ಯ ಕೆಡುವುದು ಇಲ್ಲಿ. ಬೆಚ್ಚಿಬೀಳುವವನು, ದಂಗಾಗುವವನು ಕರ್ತೃ: ‘ನಾನು ಬೆಚ್ಚಿಬಿದ್ದೆ’, ‘ನಾನು ದಂಗಾದೆ’. ‘ನನಗೆ ದಂಗಾಯಿತು’ ಎನ್ನುವಂತಿಲ್ಲ. ಆಘಾತ ಹೊರಗಿನಿಂದ ಬಂದು ಬೀಳುವಂಥದ್ದು, ಆದ್ದರಿಂದ ‘ನನಗೆ ಆಘಾತವಾಯಿತು’. ನಾನು ಎಂದೇ ಶುರುಮಾಡಬೇಕಿದ್ದರೆ ‘ಆಘಾತಗೊಂಡೆ’ ಅಥವಾ ‘ಆಘಾತಕ್ಕೊಳಗಾದೆ’. ಗಾಬರಿ ಎರಡಕ್ಕೂ ಒಗ್ಗುತ್ತದೆ: ನನಗೆ ಗಾಬರಿಯಾಯಿತು, ನಾನು ಗಾಬರಿಯಾದೆ.

ಸ್ತಬ್ಧ, ದಿಗ್ಭ್ರಾಂತ, ಸ್ತಂಭೀಭೂತ ಇವು ಲಿಂಗ ಕೇಳುತ್ತವೆ. ಸ್ತಬ್ಧನಾದ, ಸ್ತಬ್ಧಳಾದಳು, ಸ್ತಬ್ಧರಾದರು. ದಂಗು, ತಬ್ಬಿಬ್ಬು ಕೇಳುವುದಿಲ್ಲ, ಕ್ರಿಯಾಪದವೊಂದೇ ಬದಲಾದರೆ ಸಾಕು. ಅನುವಾದದಲ್ಲಿ ಗಂಡೋ ಹೆಣ್ಣೋ ಇನ್ನೂ ಬಿಟ್ಟುಕೊಡಬಾರದ ಪಾತ್ರವಿದ್ದಾಗ ಆಘಾತವೇ ಕಾಪಾಡುವುದು: ‘ಆ ವ್ಯಕ್ತಿಗೆ ಆಘಾತವಾಯಿತು’ ಎಂದು ಮುಗಿಸಿಬಿಡಬಹುದು.

‘ಬೆಚ್ಚಿಬೀಳುವ ಸುದ್ದಿ’ ಎಂದು ಬರೆಯಬೇಡಿ. ಸುದ್ದಿ ಬೀಳುವುದಿಲ್ಲ, ಬೀಳಿಸುತ್ತದೆ. ಬೆಚ್ಚಿಬೀಳಿಸುವ ಸುದ್ದಿ, ಇಲ್ಲವೇ ಕೇಳಿದವರು ಬೆಚ್ಚಿಬೀಳುವಂಥ ಸುದ್ದಿ. ಕಾಗುಣಿತದಲ್ಲಿ ಮೂರು ಕಡೆ ಜಾಗ್ರತೆ ಬೇಕು. ಆಘಾತಕ್ಕೆ ದೀರ್ಘ ‘ಆ’. ಅಪಘಾತದ ನೆನಪಿನಲ್ಲಿ ಹಲವರು ‘ಅಘಾತ’ ಬರೆಯುತ್ತಾರೆ. ದಿಗ್ಭ್ರಮೆಯಲ್ಲಿ ‘ದ’ ಅಲ್ಪಪ್ರಾಣ, ‘ಭ’ ಮಹಾಪ್ರಾಣ. ಸ್ತಬ್ಧ, ಸ್ತಂಭ ಎರಡರಲ್ಲೂ ‘ತ’ ಒತ್ತು, ‘ಥ’ ಒತ್ತಲ್ಲ.

ನಿಮ್ಮ ಅಗತ್ಯಕ್ಕೆ ಯಾವುದು

ತಲೆಬರಹ ಬರೆಯುವವರಿಗೆ ಜಾಗವೇ ಬಂಡವಾಳ. ‘ದಂಗು’ ಎರಡೇ ಅಕ್ಷರ, ‘ಶಾಕ್’ ಕೂಡ ಪುಟ್ಟದು. ಹೀಗಾಗಿ ಅವೆರಡೂ ಕೈಗೆ ಮೊದಲು ಸಿಗುತ್ತವೆ. ದಿಗ್ಭ್ರಮೆ ಅಗಲದಲ್ಲಿ ಹೆಚ್ಚು ಜಾಗ ತಿನ್ನದಿದ್ದರೂ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಆದರೆ ಜನ ಸತ್ತ ಸುದ್ದಿಗೆ ಜಾಗ ಉಳಿಯಿತೆಂದು ‘ದಂಗು’ ಹಾಕಬೇಡಿ. ಅಲ್ಲಿ ಭಾವದ ಪದವನ್ನೇ ಬಿಟ್ಟು ಏನಾಯಿತು, ಎಷ್ಟು ಜನ ಎಂದು ಹೇಳಿದರೆ ಸಾಕು. ಓದುವವರಿಗೆ ಆಘಾತ ತಾನಾಗಿ ಆಗುತ್ತದೆ.

ಸಾಂತ್ವನದ ಸಂದೇಶ ಎಲ್ಲಕ್ಕಿಂತ ಕಷ್ಟದ್ದು. ಒಂದು ರಾತ್ರಿ ಗೆಳತಿಯೊಬ್ಬಳು ನನಗೆ ಮೂರು ಸಾಲು ಕಳಿಸಿದಳು. ಅವಳ ಜೊತೆ ಕೆಲಸ ಮಾಡುವ ಹಿರಿಯರ ಹೆಂಡತಿ ಹಠಾತ್ತಾಗಿ ತೀರಿಕೊಂಡಿದ್ದರು. ‘ಸುದ್ದಿ ಕೇಳಿ ಬೆಚ್ಚಿಬಿದ್ದೆ ಸರ್’ ಎಂದು ಬರೆದಿದ್ದಳು. ಸರಿಯಿಲ್ಲ ಅನ್ನಿಸಿ ‘ದಿಗ್ಭ್ರಮೆಯಾಯಿತು’ ಎಂದು ಬದಲಿಸಿದ್ದಳು. ಅದೂ ಪತ್ರಿಕೆಯ ಹಾಗಾಯಿತು ಅನ್ನಿಸಿ ‘ಶಾಕ್ ಆಯ್ತು’ ಮಾಡಿದ್ದಳು. ಯಾವುದು ಕಳಿಸಲಿ ಅಂತ ಕೇಳಿದಳು.

ಬೆಚ್ಚಿಬಿದ್ದೆ ಎಂದರೆ ಸಾವಿನ ಹೆಸರು ಕೇಳಿಯೇ ಹೆದರಿದಂತೆ. ಶಾಕ್ ಆ ಹಿರಿಯರ ವಯಸ್ಸಿಗೆ, ಆ ಹೊತ್ತಿಗೆ ತೆಳುವಾಯಿತು. ‘ಆಘಾತವಾಯಿತು’ ಎಂದರೆ ತಪ್ಪಿಲ್ಲ, ಅನಿರೀಕ್ಷಿತ ಸಾವಿಗೆ ಅದೇ ಒಪ್ಪಿತವಾದ ಮಾತು. ಆದರೆ ಪೆಟ್ಟು ಬಿದ್ದದ್ದು ಅವರಿಗೆ. ನನಗೆ ಆಘಾತವಾಯಿತು ಎಂದು ಶುರುಮಾಡಿದರೆ ಸಂದೇಶ ಕಳಿಸಿದವರ ಸುತ್ತಲೇ ತಿರುಗುತ್ತದೆ. ಹೀಗೆ ಮಾತಾಡುತ್ತಾ ಕೊನೆಗೆ ಅವಳು ಕಳಿಸಿದ್ದು ಇದು: ‘ಸರ್, ಈಗಷ್ಟೇ ಗೊತ್ತಾಯ್ತು. ನಂಬೋಕೆ ಆಗ್ತಿಲ್ಲ. ಹೋದ ವಾರ ಫೋನ್ ತೆಗೆದು ಮೇಡಂ ಎಷ್ಟು ನಗ್ತಾ ಮಾತಾಡಿದ್ರು. ನಾಳೆ ಬೆಳಿಗ್ಗೆ ಬರ್ತೀನಿ.’ ಆಘಾತದ ಯಾವ ಪದವೂ ಅದರಲ್ಲಿಲ್ಲ.

ದೀರ್ಘ ಕಾಯಿಲೆಯಿಂದ ಮಲಗಿದ್ದ ತೀರಾ ವಯಸ್ಸಾದವರು ಹೋದಾಗ ಆಘಾತ ಎಂದು ಬರೆಯದಿರುವುದೇ ಒಳ್ಳೆಯದು. ಮನೆಯವರಿಗೆ ಗೊತ್ತಿತ್ತು, ನಿಮಗೂ ಗೊತ್ತಿತ್ತು. ‘ತುಂಬಾ ಬೇಸರವಾಯಿತು’ ಎಂಬ ಸಾದಾ ಮಾತಿನಲ್ಲಿ ಹೆಚ್ಚು ನಿಜವಿದೆ.

ಅನುವಾದ ಮಾಡುವವರು ಮೂಲದ ಪದ ನೋಡುವ ಮೊದಲು ಮುಂದಿನ ವಾಕ್ಯ ನೋಡಿ. ಪಾತ್ರ ಮುಂದಿನ ವಾಕ್ಯದಲ್ಲಿ ಮಾತಾಡಿದರೆ ಬೆಚ್ಚಿಬಿದ್ದದ್ದು. ಮಾತಾಡಲು ತಡವಾದರೆ ದಂಗಾದದ್ದು. ಏನೋ ಸಂಬಂಧವಿಲ್ಲದ ಕೆಲಸ ಮಾಡಿದರೆ ದಿಗ್ಭ್ರಮೆ. ಹತ್ತು ಪುಟ ದಾಟಿದರೂ ಅದೇ ವಿಷಯ ತಿರುಗಿ ಬರುತ್ತಿದ್ದರೆ ಆಘಾತ. ಈ ದಾರಿ ನನಗೆ ಬಹಳ ಸಲ ಉಪಯೋಗಕ್ಕೆ ಬಂದಿದೆ.

ಕಥೆ ಬರೆಯುವವರಿಗೆ ಇನ್ನೊಂದು ಆಯ್ಕೆಯೂ ಇದೆ, ಮೈಯನ್ನೇ ಬರೆಯುವುದು. ಎದೆ ಧಸಕ್ಕೆಂದಿತು, ಕೈಕಾಲು ಆಡಲಿಲ್ಲ, ಕಾಲ ಕೆಳಗಿನ ನೆಲ ಕುಸಿದಂತಾಯಿತು ಎಂಬ ಸಿದ್ಧ ಮಾತುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವಸರದ ದೃಶ್ಯಕ್ಕೆ ಅವು ಸಾಕು, ಓದುಗ ಅಲ್ಲಿ ನಿಲ್ಲಬಾರದು ಅಂತಲೇ ನಿಮಗೂ ಇಷ್ಟ. ಕಥೆ ಆ ಕ್ಷಣದ ಮೇಲೆಯೇ ನಿಂತಿದ್ದರೆ ಮಾತ್ರ ಸಿದ್ಧ ಮಾತನ್ನು ಬಿಟ್ಟು ನಿಮ್ಮ ಪಾತ್ರವೊಂದೇ ಮಾಡಬಹುದಾದದ್ದನ್ನು ಹುಡುಕಿ. ಇತ್ತೀಚೆಗೆ ತಿದ್ದಿದ ಕರಡೊಂದರಲ್ಲಿ ‘ಪತ್ರ ಓದಿ ಅವನು ಆಘಾತದಿಂದ ಸ್ತಂಭೀಭೂತನಾದನು’ ಎಂಬ ವಾಕ್ಯವಿತ್ತು. ‘ಎಷ್ಟು ಹೊತ್ತು?’ ಎಂದು ಅಂಚಿನಲ್ಲಿ ಬರೆದು ಕಳಿಸಿದೆ. ಎರಡು ದಿನ ಬಿಟ್ಟು ವಾಕ್ಯ ಹೀಗಾಗಿ ಬಂತು: ‘ಪತ್ರವನ್ನು ಮೊದಲಿದ್ದ ಮಡಿಕೆಗಳಲ್ಲೇ ಮಡಿಸಿದ. ಲಕೋಟೆಯೊಳಗೆ ಇಟ್ಟ. ಅಂಟು ಒಣಗಿದ್ದರೂ ಅದರ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾ ಕೂತ, ದೀಪ ಹಾಕುವ ಹೊತ್ತಿನವರೆಗೂ.’